ಕೋಟಿನ ಅಂಚಿನಲ್ಲಿ ಸಿಕ್ಕ ಅರ್ಧಚಂದ್ರ

ಎಫಿಮ್‌ಗೆ ಎಂಜಿನ್ ತೋರಿಸಬೇಕಾಗಿಲ್ಲ, ಕೇಳಿಸಿದರೆ ಸಾಕು. ನದಿಯ ನಡುವೆ ದೋಣಿ ನಿಂತವರು ರೇಡಿಯೋದ ಗುಂಡಿ ಒತ್ತಿ, ಅದನ್ನು ಎಂಜಿನ್ನಿನ ಹತ್ತಿರ ಹಿಡಿದು, ಹಗ್ಗ ಎಳೆಯುತ್ತಾರೆ. ಎಂಜಿನ್ ಕೆಮ್ಮುತ್ತದೆ, ಸೀನುತ್ತದೆ, ಸುಮ್ಮನಾಗುತ್ತದೆ. ಇಪ್ಪತ್ತು ಮೈಲಿ ಕೆಳಗೆ ತನ್ನ ಅಡುಗೆಮನೆಯಲ್ಲಿ ಗಟ್ಟಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕುಳಿತ ಎಫಿಮ್, "ಪೆಟ್ರೋಲಲ್ಲಿ ನೀರು ಸೇರಿದೆ," ಅನ್ನುತ್ತಾನೆ. ಇಲ್ಲವೇ, "ಕೆಳಗಿನ ಪ್ಲಗ್ ಬಿಚ್ಚಿ ಒರೆಸಿ ಕಂಕುಳಲ್ಲಿ ಇಟ್ಕೊ, ಬೆಚ್ಚಗಾಗ್ಲಿ," ಅನ್ನುತ್ತಾನೆ. ಅವನ ಚಹಾ ಆರುವಷ್ಟರಲ್ಲಿ ಅಲ್ಲಿ ದೋಣಿ ಹೊರಟಿರುತ್ತದೆ.

ಅರವತ್ತೇಳು ವರ್ಷದ ಮನುಷ್ಯನನ್ನು ನಾನು ಏಕವಚನದಲ್ಲಿ ಕರೆಯುವುದಕ್ಕೆ ಕಾರಣವಿದೆ. ಅವನ ತಾಯಿ ತೀರಿಕೊಂಡ ಚಳಿಗಾಲದಲ್ಲಿ ಪಕ್ಕದ ಮನೆಯಲ್ಲಿ ನಾನು ಹುಟ್ಟಿದೆ. ಆಕೆಯ ಹೆಸರು ನನಗೆ ಬಂತು. ಹೆಸರಿನ ಜೊತೆಗೆ ಆಕೆಯೂ ಬಂದಳೆಂದು ನಮ್ಮವರು ತಿಳಿಯುತ್ತಾರೆ. ಹಾಗಾಗಿ ಅವನು ನನ್ನನ್ನು ಅವ್ವ ಅನ್ನುತ್ತಾನೆ, ನಾನು ಅವನನ್ನು ಮಗನೇ ಅನ್ನುತ್ತೇನೆ. ಬೇಸಿಗೆಯ ಮೊದಲ ಸಾಲ್ಮನ್ ಮೀನು ಅವನ ಬಲೆಯಿಂದ ನನ್ನ ತಟ್ಟೆಗೆ ಬರುತ್ತದೆ. ಅವನ ಹರಿದ ಬಟ್ಟೆಗಳು ನನ್ನ ಸೂಜಿಗೆ ಬರುತ್ತವೆ.

ಅವನು ಹುಟ್ಟಿದ್ದು ಮೀನು ಒಣಗಿಸುವ ಬೇಸಿಗೆಯ ಬಿಡಾರದಲ್ಲಿ. ಹದಿನಾರಕ್ಕೆ ಸಮುದ್ರದ ಕಡೆಯ ಮೀನು ಕಾರ್ಖಾನೆಗೆ ಕೆಲಸಕ್ಕೆ ಹೋದ. ಮೀನಿಗಿಂತ ಹೆಚ್ಚು ಹೊತ್ತು ದೋಣಿಯ ಎಂಜಿನ್‌ಗಳ ಜೊತೆ ಕಳೆದು, ಎಡಗೈ ಬೆರಳೊಂದರ ತುದಿಯನ್ನು ಅಲ್ಲೇ ಬಿಟ್ಟು, ಒಂದು ಪೆಟ್ಟಿಗೆ ಸ್ಪ್ಯಾನರ್ ತಂದ. ಹೆಂಡತಿ ಬದುಕಿರುವವರೆಗೆ ಸ್ಪ್ಯಾನರ್‌ಗಳು ಶೆಡ್ಡಿನಲ್ಲಿದ್ದವು. ಆಕೆ ಹೋದ ಮೇಲೆ ಒಂದೊಂದಾಗಿ ಅಡುಗೆಮನೆಗೆ ಬಂದವು.

ಕಸ್ಕೊಕ್ವಿಮ್ ನದಿಯ ದಂಡೆಯ ನಮ್ಮೂರಿನಲ್ಲಿ ಪ್ರತಿ ಮನೆಯಲ್ಲೂ ಸಕ್ಕರೆ ಡಬ್ಬಿಯ ಪಕ್ಕ ಒಂದು ರೇಡಿಯೋ ಇದೆ. ಎಲ್ಲವೂ ಒಂದೇ ಚಾನೆಲ್. ಒಬ್ಬರಿಗೆ ಹೇಳಿದ ಮಾತು ಊರಿಗೆಲ್ಲ ಹೇಳಿದಂತೆ. ಬೆಳೆದ ಗಂಡಸಿಗೆ ನೀನು ತಪ್ಪು ಮಾಡಿದೆ ಎಂದು ಮುಖಕ್ಕೆ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ; ಊರೆಲ್ಲ ಕೇಳುವಾಗಲಂತೂ ಇಲ್ಲವೇ ಇಲ್ಲ. ಅದಕ್ಕೆ ಎಫಿಮ್ ಒಬ್ಬ ಪೆದ್ದನನ್ನು ಇಟ್ಟುಕೊಂಡಿದ್ದ. "ಒಬ್ಬ ಪೆದ್ದ ಇದ್ದ," ಎಂದು ಶುರು ಮಾಡಿದರೆ, ಮಾತು ಯಾರಿಗೆ ಎಂದು ಆ ಕಡೆಯವನಿಗೆ ಗೊತ್ತಾಗುತ್ತಿತ್ತು. ಆ ಪೆದ್ದ ಮಳೆಯಲ್ಲಿ ಪೆಟ್ರೋಲ್ ಪೀಪಾಯಿಯ ಬಾಯಿ ತೆರೆದಿಟ್ಟಿದ್ದ. ಹಿಮದ ಬಂಡಿಯ ಬದಲಿ ಬೆಲ್ಟನ್ನು ಹೊಟ್ಟೆಗೆ ಆನಿಸಿ ಕೋಟಿನೊಳಗೆ ಇಟ್ಟುಕೊಳ್ಳದೆ ಜಾರುಗಾಡಿಯ ಮೇಲೆ ಎಸೆದು, ಚಳಿಗೆ ಅದು ಹಪ್ಪಳದಂತೆ ಮುರಿದು, ಹನ್ನೆರಡು ಮೈಲಿ ನಡೆದಿದ್ದ. ದೋಣಿಯ ಪಂಖದ ಪಿನ್ನು ಮುರಿದಾಗ ಅಲ್ಲಿ ಮೊಳೆ ಹೊಡೆದಿದ್ದ. ಪಿನ್ನು ಇರುವುದೇ ಮುರಿಯುವುದಕ್ಕೆ, ಮೊಳೆ ಮುರಿಯದೆ ಗಟ್ಟಿಯಾಗಿ ನಿಂತರೆ ಒಳಗಿನ ಹಲ್ಲುಗಳು ಮುರಿಯುತ್ತವೆ ಎಂದು ಆ ಪೆದ್ದನಿಂದಲೇ ನಮಗೆಲ್ಲ ತಿಳಿದದ್ದು. ಬಿಸ್ಕತ್ತಿನ ಡಬ್ಬದ ರಟ್ಟನ್ನು ಕತ್ತರಿಸಿ ಎಣ್ಣೆ ಹಚ್ಚಿ ಎಂಜಿನ್ನಿನ ಸಂದಿಗೆ ಕೂರಿಸಿದರೆ ಮನೆ ಮುಟ್ಟಬಹುದು ಎಂಬ ಒಂದೇ ಒಂದು ಒಳ್ಳೆಯ ಕೆಲಸವನ್ನೂ ಅವನೇ ಮಾಡಿದ್ದ.

ಪೆದ್ದನ ಕತೆ ಬೇಡವಾದ ಒಬ್ಬನೇ ಮನುಷ್ಯ ಝಕಾರ್. ಎಫಿಮ್‌ನ ಸೋದರತ್ತೆಯ ಮಗ, ಕುದುರೆಯಷ್ಟೆತ್ತರದ ಮೂಸ್ ಕಡವೆಗಳನ್ನು ಹೊಡೆಯುವ, ಊರಿನ ಒಳ್ಳೆಯ ಬೇಟೆಗಾರ. ಇಬ್ಬರೂ ಒಬ್ಬರಿಗೊಬ್ಬರು ಭಾವ. ಭಾವನಾದವನು ಏನು ಬೇಕಾದರೂ ಹೇಳಬಹುದು. ಹೇಳಲೇಬೇಕು. ಸಿಟ್ಟಾದವನು ಸೋತ.

"ಏನ್ ಭಾವ, ಇನ್ನೂ ಮನೇಲೇ ಇದೀಯಾ? ಮೂಸ್‌ಗಳು ನಿನ್ನ ವಿಚಾರಿಸ್ತಾ ಇದ್ವು. ಬಂದ್ರೆ ಬಂದೂಕು ತರ್ತಾನಾ, ಸ್ಪ್ಯಾನರ್ ತರ್ತಾನಾ ಅಂತ," ಎಂದು ಝಕಾರ್ ಬೆಳಗ್ಗೆ ಏಳಕ್ಕೆ ರೇಡಿಯೋದಲ್ಲಿ ಶುರು ಮಾಡುತ್ತಿದ್ದ.

"ಎದ್ದೆಯಾ? ಯಾರೋ ಕೆಟ್ಟ ಎಂಜಿನ್ ಓಡಿಸ್ತಾ ಇದಾರೆ ಅಂದ್ಕೊಂಡೆ. ನಿನ್ನ ಗೊರಕೆನಾ ಅದು?"

ಊರು ಚಹಾ ಕುಡಿಯುತ್ತಿದ್ದದ್ದೇ ಆ ಮಾತಿನ ಜೊತೆ.

ಹೋದ ವರ್ಷ ಆಗಸ್ಟಿನಲ್ಲಿ ಝಕಾರ್ ತನ್ನ ಎಂಜಿನ್ನನ್ನು ಎಫಿಮ್‌ನ ಶೆಡ್ಡಿಗೆ ತಂದ. ನಮ್ಮ ನದಿಯಲ್ಲಿ ನೀರಿಗಿಂತ ಮಣ್ಣು ಹೆಚ್ಚು. ಎಂಜಿನ್ ತಣ್ಣಗಿರಲು ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಒಂದೆರಡು ಬೇಸಿಗೆಗೆ ಸವೆಯುತ್ತದೆ. ಎಳೆದ ನೀರು ಹಿಂದಿನ ಸಣ್ಣ ತೂತಿನಿಂದ ದಾರದಂತೆ ಹೊರಗೆ ಬೀಳುತ್ತಿದ್ದರೆ ಎಂಜಿನ್ ಆರೋಗ್ಯವಾಗಿದೆ. ಅದಕ್ಕೆ ನಾವು ಎಂಜಿನ್ನಿನ ಉಚ್ಚೆ ಅನ್ನುತ್ತೇವೆ. ಎಫಿಮ್ ರೇಡಿಯೋದಲ್ಲಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಅದೇ.

ಅವನು ಹೊಸ ಚಕ್ರ ಹಾಕುತ್ತಿದ್ದಾಗ ಝಕಾರ್ ಎದುರಿಗೆ ಬಕೆಟ್ ಬೋರಲು ಹಾಕಿ ಕುಳಿತು, ಎಫಿಮ್ ಹರೆಯದಲ್ಲಿ ಹಣ್ಣು ಬಿಡಿಸುತ್ತಿದ್ದ ಪಾದ್ರಿಯನ್ನು ಕರಡಿ ಎಂದು ತಿಳಿದು ನದಿಗೆ ಹಾರಿದ ಕತೆಯನ್ನು ಹೇಳುತ್ತಿದ್ದ. "ಪಾದ್ರಿ ಕೈಮುಗಿದು ಬೇಡ್ಕೊಂಡ್ರಂತೆ, ದೇವರೇ, ಇವನು ಈಜಿ ವಾಪಸ್ ಬರೋದು ಬೇಡ ಅಂತ." ಎಫಿಮ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುತ್ತಲೇ ಬೋಲ್ಟು ಬಿಗಿದ. ನೀರಿನ ಪೀಪಾಯಿಯಲ್ಲಿ ಎಂಜಿನ್ ಇಳಿಸಿ ಓಡಿಸಿದಾಗ ಉಚ್ಚೆ ಚೆನ್ನಾಗಿ ಬಂತು.

ಮುಂದಿನ ತಿಂಗಳು ಝಕಾರ್ ಮತ್ತು ಅವನ ಹೆಂಡತಿ ಅನೀಸ್ಯ ನದಿಯ ಮೇಲಕ್ಕೆ ಹೋಗಿ ದೊಡ್ಡ ಮೂಸ್ ಹೊಡೆದರು. ಹಿಂದಿರುಗುವಾಗ ಎಂಜಿನ್ ಕಿರುಚಲು ಶುರು ಮಾಡಿತು. ಝಕಾರ್ ರೇಡಿಯೋ ಹಿಡಿದ.

"ಉಚ್ಚೆ ಹೊಯ್ತಾ ಇದ್ಯಾ ಭಾವ?" ಎಂದು ಎಫಿಮ್ ಕೇಳಿದ.

ಉತ್ತರವಿಲ್ಲ.

"ಹೊಯ್ತಾ ಇದೆ ತಾನೇ?"

ಉತ್ತರವಿಲ್ಲ. ಸರಿಯಾಗಿದ್ದರೆ ಮನುಷ್ಯ ಯಾಕೆ ಮಾತಾಡುತ್ತಾನೆ ಎಂದುಕೊಂಡ ಎಫಿಮ್, "ಹಾಗಾದ್ರೆ ಪಂಪ್ ಅಲ್ಲ. ಪೆಟ್ರೋಲ್ ಕಡೆ ತೊಂದರೆ. ಫಿಲ್ಟರ್ ತೊಳೆದು ಓಡಿಸು," ಅಂದ.

ನಾವು ಹೌದು ಅನ್ನಲು ಹುಬ್ಬು ಏರಿಸುತ್ತೇವೆ, ಇಲ್ಲ ಅನ್ನಲು ಮೂಗು ಸುಕ್ಕಿಸುತ್ತೇವೆ. ಅಷ್ಟಕ್ಕೆಲ್ಲ ಬಾಯಿಗೆ ಕೆಲಸ ಕೊಡುವುದಿಲ್ಲ. ಝಕಾರ್ ಸುಡುವ ಎಂಜಿನ್ನಿನ ಪಕ್ಕ ನಿಂತು, ಕೈಯಲ್ಲಿದ್ದ ರೇಡಿಯೋವನ್ನು ನೋಡುತ್ತ, ಎರಡು ಸಲ ಚೆನ್ನಾಗಿ ಮೂಗು ಸುಕ್ಕಿಸಿದ್ದ. ಆಮೇಲೆ ಭಾವ ಹೇಳಿದಂತೆ ಫಿಲ್ಟರ್ ತೊಳೆದು ಓಡಿಸಿದ. ಅರ್ಧ ಗಂಟೆಯಲ್ಲಿ ಎಂಜಿನ್ ಸುಟ್ಟು ಬಿಗಿದುಕೊಂಡಿತು. ಅಷ್ಟರಲ್ಲಿ ರೇಡಿಯೋದ ಬ್ಯಾಟರಿಯೂ ಮುಗಿದಿತ್ತು.

ಎದುರುಗಾಳಿಯಲ್ಲಿ ಹುಟ್ಟು ಹಾಕಿಕೊಂಡು ಊರು ಮುಟ್ಟಲು ಎರಡು ಹಗಲು ಬೇಕಾಯಿತು. ಆ ಸೆಪ್ಟೆಂಬರ್ ಬಿಸಿಲು ಬೇಸಿಗೆಯದರಂತಿತ್ತು. ಮಾಂಸ ಹಸಿರಾಯಿತು. ಗಂಡ ಹೆಂಡತಿ ಅದನ್ನು ದಂಡೆಯಲ್ಲಿ ಹೂತು ಬರಿಯ ದೋಣಿಯಲ್ಲಿ ಬಂದರು.

ಮೂಗಿನ ವಿಷಯ ಅನೀಸ್ಯಳ ಬಾಯಿಂದ ಹೊರಬಿತ್ತು. ಎಫಿಮ್ ಭಾವನಾಗಿ ಮಾಡಬೇಕಾದ್ದನ್ನು ಮಾಡಿದ. "ಊರಿನವರೆಲ್ಲ ಕೇಳಿ. ನನ್ನ ಭಾವ ರೇಡಿಯೋಗೆ ಮೂಗು ಸುಕ್ಕಿಸಿದಾನೆ. ಇನ್ಮೇಲೆ ಅವನ ರೇಡಿಯೋಗೆ ಒಂದು ಜೊತೆ ಕಣ್ಣು ಕೂರಿಸಿ ಕೊಡ್ತೀನಿ." ಮನೆಮನೆಯಿಂದ ಗುಂಡಿ ಒತ್ತಿ ಜನ ನಕ್ಕರು. ನಾನೂ ನಕ್ಕೆ.

ನಗು ನಿಂತ ಮೇಲೆ ಝಕಾರ್‌ನ ಧ್ವನಿ ಬಂತು. "ತಮ್ಮ ಸಲಹೆಗೆ ಧನ್ಯವಾದ, ಎಫಿಮ್ ಅವರೇ."

ಎಫಿಮ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಅಂದಿನಿಂದ ಝಕಾರ್ ಅವನಿಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಎಂಜಿನ್ನನ್ನು ರಿಪೇರಿಗೆ ಪಟ್ಟಣಕ್ಕೆ ಕಳಿಸಿದ. ಅಂಗಡಿಯಲ್ಲಿ ಎದುರಾದರೆ ದಾರಿ ಬಿಟ್ಟ. ಹಬೆಮನೆಯಲ್ಲಿ ಭಾವಂದಿರು ಕಾದ ಕಲ್ಲಿನ ಮೇಲೆ ನೀರು ಸುರಿದು ಸುರಿದು ಒಬ್ಬರನ್ನೊಬ್ಬರು ಹೊರಗೆ ಓಡಿಸುವುದು ರೂಢಿ. ಝಕಾರ್ ಅರ್ಧ ಸೌಟು ಸುರಿದು, "ತಮಗೆ ಬಿಸಿ ಹೆಚ್ಚಾಯ್ತೇನೋ," ಎಂದು ಕೇಳಿದನಂತೆ. ಅಪ್ಪ ಅದನ್ನು ಮನೆಗೆ ಬಂದು ಹೇಳಿದಾಗ ನಾವ್ಯಾರೂ ನಗಲಿಲ್ಲ.

ಝಕಾರ್‌ಗಾದದ್ದು ಅಷ್ಟೇ ಅಲ್ಲ. ಪ್ರಾಣಿ ತಾನಾಗಿ ಬಂದು ತನ್ನನ್ನು ಕೊಟ್ಟುಕೊಳ್ಳುತ್ತದೆ. ಕೊಟ್ಟದ್ದನ್ನು ಕೊಳೆಸಿದವನ ಕಡೆಗೆ ಮತ್ತೆ ಬರುವುದಿಲ್ಲ. ಆ ಚಳಿಗಾಲವಿಡೀ ಅವನು ಬರಿಗೈಯಲ್ಲಿ ಬಂದ. ಹಿರಿಯ ಹೆಂಗಸರು ಅವನ ಹೆಸರು ಬಂದಾಗ ಧ್ವನಿ ತಗ್ಗಿಸಿದರು.

ಮೇ ತಿಂಗಳಲ್ಲಿ, ನದಿಯ ಮಂಜುಗಡ್ಡೆ ಒಡೆಯುವ ಮೊದಲು, ಎಫಿಮ್‌ನ ಕೆಲಸದ ಕೋಟನ್ನು ಹೊಲಿಯಲು ಕುಳಿತೆ. ಜೇಬು ತೂತಾಗಿ ಬಹಳ ದಿನವಾಗಿತ್ತು. ಕೋಟಿನ ಕೆಳಗಿನ ಅಂಚಿನಲ್ಲಿ, ಅಸ್ತರಿನೊಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಬಿಚ್ಚಿ ತೆಗೆದೆ. ಉಗುರಿನಷ್ಟು ಚಿಕ್ಕ, ಅರ್ಧಚಂದ್ರದ ಆಕಾರದ ಉಕ್ಕಿನ ಬಿಲ್ಲೆ.

"ಇದೇನು ಮಗನೇ?"

ಅವನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ಯಾವುದೋ ಹಳೇದು," ಅಂದ. ಸ್ವಲ್ಪ ಹೊತ್ತಿನ ಮೇಲೆ, "ಈ ಜೇಬು ತೂತಾಗಿ ಎಷ್ಟು ದಿನ ಆಯ್ತು ಅವ್ವ?" ಎಂದು ಕೇಳಿದ.

"ಹೋದ ಬೇಸಿಗೇಲೇ ಹೊಲಿದುಕೊಡು ಅಂದಿದ್ದೆ ನೀನು. ನಾನೇ ಮರೆತೆ."

ಆಮೇಲೆ ಅವನೇ ಹೇಳಿದ. ಆ ಬಿಲ್ಲೆ ಪಂಪಿನದು. ತಿರುಗುವ ಕಂಬಿಗೂ ರಬ್ಬರ್ ಚಕ್ರಕ್ಕೂ ನಡುವೆ ಅದನ್ನು ಕೂರಿಸಬೇಕು. ಕಂಬಿ ತಿರುಗಿದಾಗ ಚಕ್ರವನ್ನು ಹಿಡಿದು ತಿರುಗಿಸುವುದು ಅದೇ. ಹಾಕದಿದ್ದರೂ ಹೊಸ ರಬ್ಬರ್ ಕಂಬಿಯನ್ನು ಕಚ್ಚಿಕೊಂಡು ಕೆಲವು ದಿನ ತಿರುಗುತ್ತದೆ. ಆಮೇಲೆ ಜಾರುತ್ತದೆ.

"ನಗ್ತಾ ಜೇಬಿಗೆ ಹಾಕ್ಕೊಂಡಿದೀನಿ," ಅಂದ. "ಪಾದ್ರಿ ಕತೆ ಹೇಳ್ತಾ ಇದ್ದ ಅವನು."

"ಪಟ್ಟಣದವರು ಬಿಚ್ಚಿದಾಗ ನೋಡಿರಲ್ವಾ?"

"ಹೊಸಾ ಪಂಪೇ ಕೂರಿಸಿದ್ರಂತೆ. ಹಳೇದನ್ನ ಯಾರು ನೋಡ್ತಾರೆ?"

"ಭಾವನಿಗೆ ಹೇಳ್ಬೇಕಲ್ವಾ?"

"ಹೇಳ್ತೀನಿ. ಮೀನಿನ ಕಾಲ ಕಳೀಲಿ." ಬಿಲ್ಲೆಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟ. "ಈ ನದೀಲಿ ಅರವತ್ತು ದೋಣಿ ನನ್ನ ಮಾತಿನ ಮೇಲೆ ಓಡ್ತಾವೆ ಅವ್ವ."

ಮೀನಿನ ಕಾಲ ಕಳೆಯಿತು. ಹಣ್ಣಿನ ಕಾಲವೂ ಕಳೆಯಿತು. ಅವನು ಹೇಳಲಿಲ್ಲ. ಒಂದು ಸಲ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಝಕಾರ್‌ನ ಮನೆಯ ಮೆಟ್ಟಿಲವರೆಗೆ ಹೋದನಂತೆ. ಝಕಾರ್ ಬಾಗಿಲು ತೆರೆದು, "ಬನ್ನಿ, ಕೂತ್ಕೊಳ್ಳಿ," ಅಂದನಂತೆ. ಆ ಬಹುವಚನ ಕೇಳಿ ಇವನು ಉಪ್ಪು ಕೇಳಿ ಇಸಿದುಕೊಂಡು ಬಂದ.

ಈ ಸೆಪ್ಟೆಂಬರ್ ಮತ್ತೆ ಅದೇ ಬಿಸಿಲು. ಒಂದು ಮಧ್ಯಾಹ್ನ ನಾನು ಅವನ ಅಡುಗೆಮನೆಯಲ್ಲಿ ಮೀನಿನ ಸಾರು ಬಿಸಿ ಮಾಡುತ್ತಿದ್ದಾಗ ರೇಡಿಯೋದಲ್ಲಿ ಝಕಾರ್ ಮಾತಾಡಿದ.

"ಕೇಳ್ತಾ ಇರೋರಿಗೆ ಹೇಳ್ತೀನಿ. ನಾನೂ ಅನೀಸ್ಯನೂ ಮೇಲಿನ ತಿರುವಿನ ಮರಳು ದಿಬ್ಬದಲ್ಲಿದೀವಿ. ಎಂಜಿನ್ ಹತ್ತು ನಿಮಿಷ ಓಡುತ್ತೆ, ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಓಡುತ್ತೆ. ಮತ್ತೆ ಅದೇ ಪಂಪು ಅನ್ಸುತ್ತೆ. ಕೆಳಗಿನ ಭಾಗ ಬಿಚ್ತೀನಿ. ದೋಣೀಲಿ ಮೂಸ್ ಇದೆ. ನಾಡಿದ್ದಿನೊಳಗೆ ಬರದಿದ್ರೆ ಯಾರಾದ್ರೂ ಬನ್ನಿ."

ಒಂದು ವರ್ಷದ ನಂತರ ಅವನ ದೋಣಿಗೆ ಬಂದ ಮೊದಲ ಮೂಸ್.

ಎಫಿಮ್ ಆಗಲೇ ರೇಡಿಯೋ ಎತ್ತಿಕೊಂಡಿದ್ದ. "ಝಕಾರ್, ಬಿಚ್ಬೇಡ. ಎಂಜಿನ್ ಕಿರುಚ್ತಾ ಇಲ್ಲ ತಾನೇ? ಹಾಗಾದ್ರೆ ಪಂಪ್ ಅಲ್ಲ. ಆ ಕೆಸರಲ್ಲಿ ಬೋಲ್ಟ್ ಬಿದ್ರೆ ಸಿಗಲ್ಲ. ಎರಡು ದಿನ ಅಲ್ಲೇ ಕೂರ್ತೀಯ."

"ತಮಗೆ ತೊಂದರೆ ಬೇಡ, ಎಫಿಮ್ ಅವರೇ. ಹೋದ ವರ್ಷಾನೂ ಪಂಪ್ ಅಲ್ಲ ಅಂದಿದ್ರಿ. ತಮ್ಮ ಮಾತು ಕೇಳಿದೆ. ಈ ಸಲ ನನ್ನ ಕಣ್ಣಿಂದಲೇ ನೋಡ್ತೀನಿ."

ಎಫಿಮ್ ರೇಡಿಯೋವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದ. ಅಷ್ಟು ವಯಸ್ಸಾದ ಮುಖ ಅಷ್ಟು ಚಿಕ್ಕದಾಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಅವ್ವ," ಅಂದ.

"ಮಾಂಸ ಬಿಸಿಲಲ್ಲಿದೆ ಮಗನೇ," ಅಂದೆ.

ಅವನು ಗುಂಡಿ ಒತ್ತಿದ. "ಒಬ್ಬ ಪೆದ್ದ ಇದ್ದ," ಎಂದು ಶುರು ಮಾಡಿದ. ನಿಲ್ಲಿಸಿದ. ಗುಂಡಿ ಒತ್ತಿಯೇ ಇತ್ತು; ಒಲೆಯ ಮೇಲೆ ಸಾರು ಕುದಿಯುವ ಸದ್ದು ಊರಿಗೆಲ್ಲ ಹೋಗುತ್ತಿತ್ತು.

"ಇಲ್ಲ. ಪೆದ್ದ ಅಲ್ಲ. ನಾನು. ಹೋದ ವರ್ಷ ಝಕಾರ್ ಎಂಜಿನ್ನಿಗೆ ಚಕ್ರ ಹಾಕಿದಾಗ ಅದರ ಬಿಲ್ಲೆ ಹಾಕೋದು ಮರೆತೆ. ಅದು ನನ್ನ ಕೋಟಲ್ಲಿ ಸಿಕ್ತು. ಮೇ ತಿಂಗಳಲ್ಲೇ ಸಿಕ್ತು. ಮೂಗಿನಿಂದ ಆಗಿದ್ದಲ್ಲ ಅದು, ನನ್ನ ಕೈಯಿಂದ ಆಗಿದ್ದು. ಮಾಂಸ ಕೊಳೆಸಿದೋನು ಝಕಾರ್ ಅಲ್ಲ, ನಾನು. ಇದನ್ನ ಎಲ್ರೂ ಕೇಳಿಸ್ಕೊಳ್ಳಿ. ಈಗಿರೋ ಪಂಪು ನಾನು ಮುಟ್ಟಿದ್ದಲ್ಲ. ಅದಕ್ಕೇ ಹೇಳ್ತಾ ಇದೀನಿ, ಅದು ಚೆನ್ನಾಗಿದೆ. ಬಿಚ್ಬೇಡ."

ಗುಂಡಿ ಬಿಟ್ಟ. ಯಾರದೋ ಮನೆಯ ನಾಯಿ ಬೊಗಳಿದ್ದು ಒಂದು ಕ್ಷಣ ಕೇಳಿಸಿ ನಿಂತಿತು. ನಾನು ಒಲೆ ಆರಿಸಿದೆ. ಎಫಿಮ್ ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿ ಅವುಗಳನ್ನೇ ನೋಡುತ್ತಿದ್ದ.

ಝಕಾರ್ ಮಾತಾಡಿದ.

"ಒಂದು ವರ್ಷ."

"ಹೂಂ," ಅಂದ ಎಫಿಮ್.

"ಒಂದು ವರ್ಷ ಮಕ್ಕಳೆಲ್ಲ ನನ್ನ ನೋಡಿದ್ರೆ ಮೂಗು ಸುಕ್ಕಿಸ್ತಾ ಇದ್ವು."

"ಹೂಂ."

ರೇಡಿಯೋ ಮತ್ತೆ ಕರಕರ ಅಂದಿತು. "ಆ ಕೋಟಿನೊಳಗೆ ಇನ್ನೊಂದ್ಸಲ ಕೈ ಹಾಕಿ ನೋಡು ಭಾವ. ಎಂಬತ್ತೆರಡನೇ ಇಸವೀಲಿ ನನ್ನ ಒಂದು ಚಾಕು ಕಳೆದಿತ್ತು."

ಅಪ್ಪ ನಮ್ಮ ಮನೆಯಿಂದ ಗುಂಡಿ ಒತ್ತಿ ನಕ್ಕ. "ನಮ್ಮ ಮನೆ ಗರಗಸಾನೂ ನೋಡಿ," ಎಂದು ಮತ್ಯಾರೋ ಅಂದರು. ಎಫಿಮ್ ಮುಂಗೈಯಿಂದ ಮುಖ ಒರೆಸಿಕೊಂಡ.

"ಬಾಯಿ ಮುಚ್ಕೊಂಡು ಕೇಳಿದ್ದಕ್ಕೆ ಉತ್ತರ ಕೊಡು," ಅಂದ. "ಮೂಸ್ ಎಲ್ಲಿಟ್ಟಿದೀಯಾ?"

"ಬಾಯಿ ಮುಚ್ಕೊಂಡು ಉತ್ತರ ಹೆಂಗಪ್ಪ ಕೊಡ್ಲಿ? ದೋಣೀಲಿಟ್ಟಿದೀನಿ. ಇನ್ನೆಲ್ಲಿ, ನಿನ್ನ ತಲೆ ಮೇಲಾ?"

"ದೋಣೀಲಿ ಎಲ್ಲಿ?"

"ಹಿಂದೆ. ಟ್ಯಾಂಕ್ ಮೇಲೆ ಚರ್ಮ ಹಾಸಿ, ಅದರ ಮೇಲೆ ಎರಡು ತೊಡೆ."

"ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ತೂತು ಇದೆಯಲ್ಲ, ಅದು?"

ಉತ್ತರಕ್ಕೆ ಬಂದದ್ದು ಅನೀಸ್ಯಳ ಧ್ವನಿ. "ಚರ್ಮದ ಕೆಳಗಿದೆ. ಟ್ಯಾಂಕ್ ಹೊಟ್ಟೆ ಒಳಕ್ಕೆ ಹೋಗಿದೆ ಅಣ್ಣ, ಉಪವಾಸ ಇದ್ದ ನಾಯಿ ಥರ."

"ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರ್ಬೇಕು. ಮೂಸ್ ಅದರ ಉಸಿರು ಹಿಡ್ಕೊಂಡು ಕೂತಿದೆ. ತೊಡೆಗಳನ್ನ ಮುಂದಕ್ಕೆ ಹಾಕಿ. ಮುಚ್ಚಳ ಸಡಿಲ ಮಾಡಿ."

ಅನೀಸ್ಯ ಗುಂಡಿ ಒತ್ತಿ ಹಿಡಿದಳು. ಭಾರ ಎಳೆಯುವ ಸದ್ದು, ಝಕಾರ್‌ನ ಬೈಗುಳ, ಆಮೇಲೆ ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡದ್ದು ಮೂವತ್ತು ಮನೆಗಳಲ್ಲಿ ಕೇಳಿಸಿತು. ಎರಡನೇ ಎಳೆತಕ್ಕೆ ಎಂಜಿನ್ ಹಿಡಿದುಕೊಂಡಿತು. ಎಫಿಮ್ ತಲೆ ಓರೆ ಮಾಡಿ ಕೇಳಿದ, ಸುಮ್ಮನೆ ರೇಡಿಯೋದ ಧ್ವನಿ ತಗ್ಗಿಸಿದ.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ದೋಣಿ ದಂಡೆ ಮುಟ್ಟಿತು. ಊರಿನ ಅರ್ಧ ಜನ ಅಲ್ಲಿದ್ದರು. ಎಫಿಮ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ಝಕಾರ್ ದೋಣಿಯಿಂದ ಹಿಂಗಾಲೊಂದನ್ನು ಎತ್ತಿ, ಜನರ ನಡುವೆ ನಡೆದು ಬಂದು, ಅದನ್ನು ಎಫಿಮ್‌ನ ಎದೆಗೆ ಒತ್ತಿದ.

"ಹಿಡ್ಕೊ. ಇದನ್ನೂ ಜೇಬಿಗೆ ಹಾಕ್ಕೋಬೇಡ."

ಎಫಿಮ್ ಆ ಭಾರಕ್ಕೆ ಎರಡು ಹೆಜ್ಜೆ ಹಿಂದಕ್ಕೆ ಹೋದ, ಬೀಳಲಿಲ್ಲ. ಊರಿನ ಹಿರಿಯಳು, ಇಡೀ ಚಳಿಗಾಲ ಝಕಾರ್‌ನ ಹೆಸರಿಗೆ ಧ್ವನಿ ತಗ್ಗಿಸಿದ್ದವಳು, ಮಾಂಸವನ್ನು ಬೆರಳಿಂದ ಒತ್ತಿ ನೋಡಿದಳು. "ನಮಗೆ ಇವತ್ತು ಗೊತ್ತಾಯ್ತು," ಅಂದಳು. "ಮೂಸ್‌ಗೆ ಮುಂಚೇನೇ ಗೊತ್ತಿತ್ತು. ಇಲ್ದಿದ್ರೆ ಇವನ ದೋಣಿ ಹತ್ತುತ್ತಿತ್ತಾ?"

ಮರುದಿನ ಬೆಳಗ್ಗೆ ಎಫಿಮ್‌ನ ಶೆಡ್ಡಿನ ಮುಂದೆ ನಾಲ್ಕು ಎಂಜಿನ್‌ಗಳಿದ್ದವು. ತಂದವರು ಏನೂ ಹೇಳಲಿಲ್ಲ. ನಿಂತು ಆಕಾಶ ನೋಡಿದರು. ಅವನೂ ಕೇಳಲಿಲ್ಲ. ಕಳೆದೆರಡು ವರ್ಷ ತಾನು ಮುಟ್ಟಿದ ಪಂಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಅರ್ಧಚಂದ್ರವನ್ನು ತೋರಿಸಿ, ಮತ್ತೆ ಮುಚ್ಚಿದ. ಆ ವಾರ ಹನ್ನೊಂದು ಬಂದವು. ಎರಡು ಎಂಜಿನ್‌ಗಳು ಅವನ ಶೆಡ್ಡಿನ ಎದುರಿನಿಂದಲೇ ಪಟ್ಟಣದ ದೋಣಿ ಹತ್ತಿದವು. ಅವನು ಅದನ್ನೂ ನೋಡಿದ.

ಝಕಾರ್ ಏಳೂ ದಿನ ಪಕ್ಕದಲ್ಲಿ ಕುಳಿತು, ಪ್ರತಿ ಪಂಪು ಬಿಚ್ಚಿದಾಗಲೂ ರೇಡಿಯೋದಲ್ಲಿ ಊರಿಗೆ ವರದಿ ಒಪ್ಪಿಸಿದ. "ಇದ್ರಲ್ಲೂ ಇದೆ. ಆಶ್ಚರ್ಯ."

"ಸ್ವಲ್ಪ ಸುಮ್ನಿರು ಭಾವ," ಅಂದ ಎಫಿಮ್. "ಬಿಗಿಯೋವಾಗ ಮಾತಾಡಿಸ್ಬೇಡ."

ಝಕಾರ್ ಬಾಯಿ ಮುಚ್ಚಿದ. ಬೋಲ್ಟು ಬಿಗಿದು ಮುಗಿಯುವವರೆಗೂ ಕಾದ.